ನಿಲುಗಡೆಯ ಚಿಹ್ನೆಯೂ ಅದನ್ನು ದಾಟುವ ಓದೂ



ಔರಾದ ತಾಲೂಕಿನ ಒಂದು ಹಳ್ಳಿಯಿಂದ ತಂದೆಯೊಬ್ಬರು ನಮ್ಮ ಆರೋಗ್ಯ ವಿಭಾಗಕ್ಕೆ ಪತ್ರ ಬರೆದಿದ್ದಾರೆ. ಅವರ ಮಗುವಿಗೆ ಈಗ ಎರಡೂವರೆ ವರ್ಷ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಕಾರಣ ಮೂರು ವಾರಕ್ಕೊಮ್ಮೆ ಮಗುವನ್ನು ಬೀದರಿಗೆ ಕರೆತಂದು ರಕ್ತ ಕೊಡಿಸುತ್ತಾರೆ. ಹೈದರಾಬಾದಿನಲ್ಲಿ ಮಾಡಿಸಿದ ವಂಶವಾಹಿ ಪರೀಕ್ಷೆಯ ವರದಿಯಲ್ಲಿ ‘ಬೀಟಾ ಗ್ಲೋಬಿನ್, ಕೋಡಾನ್ 15, ನಾನ್‌ಸೆನ್ಸ್ ಮ್ಯುಟೇಶನ್’ ಎಂದು ಬರೆದಿದೆ. “ನಮ್ಮ ಕೂಸಿನ ಚೀಟಿಯೊಳಗ ನಾನ್‌ಸೆನ್ಸ್ ಅಂತ ಬರದಾರ್ರಿ, ಹಂಗಂದ್ರ ಏನ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಭಾಲ್ಕಿಯಲ್ಲಿರುವ ಬಂಧುವೊಬ್ಬರು, ಈ ದೋಷವನ್ನು ದಾಟಿಸುವ ಅಗ್ಗದ ಇಂಜೆಕ್ಷನ್ ಒಂದಿದೆ, ಅದರ ಹೆಸರು ಜೆಂಟಾಮೈಸಿನ್ ಎಂದು ಮೊಬೈಲಿನಲ್ಲಿ ಓದಿ ತಿಳಿಸಿದ್ದಾರಂತೆ. ಅದನ್ನು ಮಗುವಿಗೆ ಕೊಡಿಸಬಹುದೇ ಎಂಬುದು ಎರಡನೆಯ ಪ್ರಶ್ನೆ. ಅವರ ಪತ್ನಿ ಈಗ ಎರಡು ತಿಂಗಳ ಗರ್ಭಿಣಿ. ಹುಟ್ಟಲಿರುವ ಮಗುವಿಗೂ ಹೀಗೆಯೇ ಆದೀತೇ, ಈ ದೋಷ ತಾಯಿಯ ಕಡೆಯಿಂದ ಬಂದುದೆಂದು ಮನೆಯ ಹಿರಿಯರು ಹೇಳುವುದು ನಿಜವೇ ಎಂಬುದು ಮೂರನೆಯ ಪ್ರಶ್ನೆ.

ಗರ್ಭದ ದಿನಗಳು ಮಾಸಪತ್ರಿಕೆಗಾಗಿ ಕಾಯುವುದಿಲ್ಲವಾದುದರಿಂದ ಅವರಿಗೆ ನಾವು ಕೂಡಲೇ ಉತ್ತರ ಕಳುಹಿಸಿದೆವು. ಆದರೆ ಈ ಮೂರು ಪ್ರಶ್ನೆಗಳೂ ಒಂದೇ ಮನೆಯ ಪ್ರಶ್ನೆಗಳಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಊರುಗಳನ್ನು ಬಿಟ್ಟು, ಈ ತಿಂಗಳ ಪಾಠವನ್ನು ಅವುಗಳ ಸುತ್ತಲೇ ಬೆಳೆಸಿದ್ದೇವೆ.

ಓಲೆ, ಪದ ಮತ್ತು ಓದುಗ

ನಮ್ಮ ಶರೀರದ ಪ್ರತಿಯೊಂದು ಕೆಲಸವನ್ನೂ ಪ್ರೋಟೀನುಗಳು ನಡೆಸುತ್ತವೆ. ಉಸಿರಿನ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್, ಸ್ನಾಯುವನ್ನು ಗಟ್ಟಿಯಾಗಿಡುವ ಡಿಸ್ಟ್ರೋಫಿನ್, ಅನ್ನವನ್ನು ಅರಗಿಸುವ ಕಿಣ್ವಗಳು, ಇವೆಲ್ಲವೂ ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಒಂದು ನಿಶ್ಚಿತ ಕ್ರಮದಲ್ಲಿ ಪೋಣಿಸಿದಾಗ ಒಂದು ಪ್ರೋಟೀನ್ ಸಿದ್ಧವಾಗುತ್ತದೆ. ಯಾವ ಮಣಿಯ ಮುಂದೆ ಯಾವ ಮಣಿ ಬರಬೇಕೆಂಬ ಕ್ರಮವು ಡಿಎನ್‌ಎಯಲ್ಲಿ ಬರೆದಿರುತ್ತದೆ. ಡಿಎನ್‌ಎ ಮೂಲ ಗ್ರಂಥ. ಅದು ಕೋಶಕೇಂದ್ರವನ್ನು ಬಿಟ್ಟು ಹೊರಬರುವುದಿಲ್ಲ. ಬೇಕಾದ ಭಾಗವನ್ನು ಮಾತ್ರ ನಕಲು ಮಾಡಿ ಹೊರಗೆ ಕಳುಹಿಸಲಾಗುತ್ತದೆ. ಆ ನಕಲಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ನಾವು ಅದನ್ನು ‘ಓಲೆ’ ಎಂದು ಕರೆಯೋಣ.

ಈ ಓಲೆಯಲ್ಲಿರುವುದು ನಾಲ್ಕೇ ಅಕ್ಷರಗಳು: ಎ, ಯು, ಜಿ ಮತ್ತು ಸಿ. ಮೂರು ಅಕ್ಷರಗಳು ಸೇರಿ ಒಂದು ಪದ. ವಿಜ್ಞಾನದ ಭಾಷೆಯಲ್ಲಿ ಅದೇ ಕೋಡಾನ್. ನಾಲ್ಕು ಅಕ್ಷರಗಳಿಂದ ಮೂರಕ್ಷರದ 64 ಪದಗಳು ಸಾಧ್ಯ. ಇವುಗಳಲ್ಲಿ 61 ಪದಗಳು ಒಂದಲ್ಲ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಈ ನಿಘಂಟನ್ನು ಬಿಡಿಸಿದವರಲ್ಲಿ ಅಂದಿನ ಪಂಜಾಬ್ ಪ್ರಾಂತದ ರಾಯಪುರವೆಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದ ಹರಗೋಬಿಂದ್ ಖೊರಾನಾ ಅವರೂ ಒಬ್ಬರು. 1968ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಉಳಿದ ಮೂರು ಪದಗಳು ಯುಎಎ, ಯುಎಜಿ ಮತ್ತು ಯುಜಿಎ. ಇವು ಸಾಮಾನ್ಯವಾಗಿ ಯಾವ ಅಮೈನೋ ಆಮ್ಲವನ್ನೂ ಹೇಳುವುದಿಲ್ಲ. ‘ಇಲ್ಲಿಗೆ ಮುಗಿಯಿತು’ ಎಂದಷ್ಟೇ ಹೇಳುತ್ತವೆ.

ವಚನಗಳ ತಾಡೋಲೆಗಳನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಇಂದಿನ ಅಚ್ಚಿನ ಪುಸ್ತಕದ ವಿರಾಮಚಿಹ್ನೆಗಳಿಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಮುಂತಾದ ಅಂಕಿತ ಬಂದಾಗ ಕೇಳುವವನಿಗೆ ವಚನವು ಮುಕ್ತಾಯಕ್ಕೆ ಬಂದಿತೆಂದು ಅರಿವಾಗುತ್ತದೆ. ಜೀವಕೋಶದ ಓಲೆಗೂ ಹೀಗೆ ಮೂರು ಅಂಕಿತಗಳಿವೆ. ಓಲೆಯನ್ನು ಮೊದಲಿನಿಂದ ಕಡೆಯವರೆಗೆ ಓದಿ, ಓದಿದಂತೆಲ್ಲ ಪ್ರೋಟೀನನ್ನು ಹೆಣೆಯುವ ಓದುಗನ ಹೆಸರು ರೈಬೋಸೋಮ್. ನಮ್ಮ ಕೋಶಗಳಲ್ಲಿ ಅದು ಸೆಕೆಂಡಿಗೆ ಸುಮಾರು ಐದಾರು ಪದಗಳನ್ನು ಓದುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅದನ್ನು ಹೆಣೆದು ಮುಗಿಸಲು ಅರ್ಧ ನಿಮಿಷದಷ್ಟು ಸಮಯ ಸಾಕು.

ನಿಲುಗಡೆಯಲ್ಲಿ ನಡೆಯುವುದೇನು

ರೈಬೋಸೋಮ್ ಒಂದು ಪದದ ಬಳಿ ಬಂದು ನಿಂತಾಗ, ಅದಕ್ಕೆ ಸರಿಹೊಂದುವ ಅಮೈನೋ ಆಮ್ಲವನ್ನು ಹೊತ್ತ ವಾಹಕ ಆರ್‌ಎನ್‌ಎ ಅಲ್ಲಿಗೆ ಬಂದು ಕೂರುತ್ತದೆ. ಮಣಿಯನ್ನು ಸರಪಳಿಗೆ ಕೊಟ್ಟು ಹೊರಡುತ್ತದೆ. ನಿಲುಗಡೆಯ ಪದ ಬಂದಾಗ ಮಾತ್ರ ಅದಕ್ಕೆ ಹೊಂದುವ ವಾಹಕ ಇರುವುದಿಲ್ಲ. ಆ ಆಸನಕ್ಕೆ ಇಆರ್‌ಎಫ್-1 ಎಂಬ ಬಿಡುಗಡೆಯ ಪ್ರೋಟೀನ್ ಬರುತ್ತದೆ. ಅದರ ಆಕಾರವೇ ವಾಹಕ ಆರ್‌ಎನ್‌ಎಯನ್ನು ಹೋಲುತ್ತದೆ. ಅದು ಮೂರೂ ಅಂಕಿತಗಳನ್ನು ಗುರುತಿಸಬಲ್ಲದು. ಅದು ಬಂದು ಕುಳಿತೊಡನೆ, ಹೆಣೆದ ಸರಪಳಿ ಕಳಚಿಕೊಂಡು ತನ್ನ ಕೆಲಸಕ್ಕೆ ಹೊರಡುತ್ತದೆ.

ಆದ್ದರಿಂದ ನಿಲುಗಡೆಯೆಂಬುದು ಕಲ್ಲಿನ ಗೋಡೆಯಲ್ಲ, ಅದೊಂದು ಸ್ಪರ್ಧೆ. ಬಿಡುಗಡೆಯ ಪ್ರೋಟೀನ್ ಬರುವುದು ತುಸು ತಡವಾದರೆ, ಮೂರಕ್ಷರಗಳಲ್ಲಿ ಎರಡು ಮಾತ್ರ ಹೊಂದುವ ಯಾವುದೋ ವಾಹಕವು ಆ ಆಸನದಲ್ಲಿ ಕುಳಿತುಬಿಡಬಹುದು. ಆಗ ಅಂಕಿತದ ಜಾಗದಲ್ಲಿ ಒಂದು ಮಣಿ ಸೇರುತ್ತದೆ, ರೈಬೋಸೋಮ್ ನಿಲ್ಲದೆ ಮುಂದಿನ ನಿಲುಗಡೆಯವರೆಗೂ ಓದುತ್ತ ಹೋಗುತ್ತದೆ. ಇದನ್ನೇ ನಾವು ನಿಲುಗಡೆ ದಾಟಿದ ಓದು ಎನ್ನುತ್ತೇವೆ. ಸಾಮಾನ್ಯವಾಗಿ ಸಾವಿರ ಬಾರಿಗೆ ಒಮ್ಮೆಯೂ ಹೀಗಾಗುವುದಿಲ್ಲ. ಮೂರು ನಿಲುಗಡೆಗಳಲ್ಲಿ ಯುಎಎ ಬಲು ಬಿಗಿ, ಯುಜಿಎ ಹೆಚ್ಚು ಸಡಿಲ.

ಪದದ ಜೊತೆಗೆ ನೆರೆಹೊರೆಯೂ ಮುಖ್ಯ. ಯುಜಿಎ ಆದ ಮೇಲೆ ಸಿಯುಎ ಎಂಬ ಅಕ್ಷರಗಳು ಬಂದರೆ ನಿಲುಗಡೆ ಮತ್ತಷ್ಟು ಸಡಿಲವಾಗುತ್ತದೆ. ಇದರ ಕಾರಣ ತಿಳಿದದ್ದು ಇತ್ತೀಚೆಗೆ. ತಮಿಳುನಾಡಿನ ಚಿದಂಬರದಲ್ಲಿ ಜನಿಸಿ, ರೈಬೋಸೋಮಿನ ರಚನೆಯನ್ನು ಬಿಡಿಸಿದುದಕ್ಕಾಗಿ 2009ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಅವರ ಪ್ರಯೋಗಾಲಯವು, ಬಿಡುಗಡೆಯ ಪ್ರೋಟೀನ್ ನಿಲುಗಡೆಯ ಮೇಲೆ ಕುಳಿತಿರುವ ಚಿತ್ರವನ್ನು 2015ರಲ್ಲಿ ಪ್ರಕಟಿಸಿತು. ಆ ಕ್ಷಣದಲ್ಲಿ ಓಲೆಯು ಮಡಚಿಕೊಂಡು, ಮೂರಕ್ಷರಗಳ ಜೊತೆಗೆ ನಾಲ್ಕನೆಯ ಅಕ್ಷರವನ್ನೂ ಒಳಗೆ ಎಳೆದುಕೊಳ್ಳುವುದು ಅಲ್ಲಿ ಕಂಡುಬಂದಿತು. ಮಿಕ್ಕ ಪದಗಳನ್ನು ಮೂರಕ್ಷರಗಳಲ್ಲಿ ಓದುವ ರೈಬೋಸೋಮ್, ಮುಗಿಸುವ ಮುನ್ನ ಮಾತ್ರ ನಾಲ್ಕನೆಯದನ್ನೂ ನೋಡುತ್ತದೆ.

ಬೇಕೆಂದೇ ದಾಟುವ ಓದು

ಪ್ರಕೃತಿಯು ಈ ಸಡಿಲಿಕೆಯನ್ನು ಅನೇಕ ಕಡೆ ಉಪಯೋಗಿಸಿಕೊಂಡಿದೆ. ಭಾಲ್ಕಿಯ ಸುತ್ತಿನ ರೈತರು ಕಬ್ಬಿನ ಗರಿಯ ನಡುನರ ಹಳದಿಯಾಗುವ ರೋಗದ ವಿಷಯವನ್ನು ಕೇಳಿರಬಹುದು. ಕಬ್ಬಿನ ಹಳದಿ ಎಲೆ ರೋಗದ ವೈರಸ್ ತನ್ನ ಹೊರಕವಚದ ಪ್ರೋಟೀನನ್ನು ಎರಡು ಅಳತೆಗಳಲ್ಲಿ ಮಾಡಿಸಿಕೊಳ್ಳುತ್ತದೆ. ಬಹುಪಾಲು ರೈಬೋಸೋಮುಗಳು ಕವಚದ ಕಡೆಯ ಯುಎಜಿ ಬಳಿ ನಿಲ್ಲುತ್ತವೆ. ಕೆಲವು ಅದನ್ನು ದಾಟಿ ಉದ್ದನೆಯ ಬಾಲವಿರುವ ಪ್ರೋಟೀನನ್ನು ಹೆಣೆಯುತ್ತವೆ. ಸಸ್ಯಹೇನಿನ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ಹರಡಲು ಈ ಗುಂಪಿನ ವೈರಸ್ಸುಗಳಿಗೆ ಆ ಬಾಲ ಬೇಕು. ಒಂದೇ ಓಲೆಯಿಂದ ಎರಡು ಪ್ರೋಟೀನು. ವೈರಸ್ಸಿನಂತಹ ಅಲ್ಪ ಗ್ರಂಥಕ್ಕೆ ಇದು ಮಿತವ್ಯಯದ ದಾರಿ.

ನಮ್ಮ ಶರೀರದಲ್ಲಿಯೂ ಇದಕ್ಕೆ ಹತ್ತಿರದ ಒಂದು ವ್ಯವಸ್ಥೆಯಿದೆ. ಸೆಲೆನಿಯಂ ಎಂಬ ಖನಿಜವನ್ನು ಒಳಗೊಂಡ ಸೆಲೆನೋಸಿಸ್ಟೀನ್ ಎಂಬ ಅಪರೂಪದ ಅಮೈನೋ ಆಮ್ಲವನ್ನು ಯುಜಿಎ ಎಂಬ ನಿಲುಗಡೆಯ ಪದವೇ ಸೂಚಿಸುತ್ತದೆ. ಅಂಥ ಓಲೆಗಳ ಕೊನೆಯ ಭಾಗದಲ್ಲಿ ವಿಶೇಷ ಮಡಿಕೆಯೊಂದಿದ್ದು, ‘ಇಲ್ಲಿ ಯುಜಿಎ ಎಂದರೆ ನಿಲ್ಲು ಎಂದಲ್ಲ’ ಎಂದು ತಿಳಿಸುತ್ತದೆ. ಮನುಷ್ಯರಲ್ಲಿ ಇಂತಹ ವಂಶವಾಹಿಗಳು 25 ಇವೆ. ಥೈರಾಯ್ಡ್ ಹಾರ್ಮೋನನ್ನು ಕ್ರಿಯಾಶೀಲ ರೂಪಕ್ಕೆ ತರುವ ಕಿಣ್ವವೂ ಅವುಗಳಲ್ಲಿ ಸೇರಿದೆ.

ಇನ್ನು ಕೆಲವು ಮಾನವ ಪ್ರೋಟೀನುಗಳು ನಿಜವಾದ ದಾಟಿದ ಓದಿನಿಂದಲೇ ಎರಡು ರೂಪಗಳಲ್ಲಿ ಹುಟ್ಟುತ್ತವೆ. ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದ ಹೆಸರು ಎದ್ದು ಕಾಣುತ್ತದೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಡಾ. ಸಂದೀಪ್ ಈಶ್ವರಪ್ಪ ಅವರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದಾಗ ಸಹೋದ್ಯೋಗಿಗಳೊಂದಿಗೆ 2014ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಹೊಸ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್-ಎ ಎಂಬ ಪ್ರೋಟೀನು ನಿಲುಗಡೆ ದಾಟಿದ ಓದಿನಿಂದ 22 ಅಮೈನೋ ಆಮ್ಲಗಳಷ್ಟು ಉದ್ದವಾಗಿ ಹುಟ್ಟಬಲ್ಲದೆಂದೂ, ಆ ಉದ್ದನೆಯ ರೂಪವು ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆಂದೂ ಹೇಳಿತು. ಎರಡನೆಯ ಮಾತನ್ನು 2016ರಲ್ಲಿ ಬೇರೊಂದು ತಂಡ ಪ್ರಶ್ನಿಸಿತು. ವಿಜ್ಞಾನ ಬೆಳೆಯುವುದು ಹೀಗೆಯೇ. ಅನಂತರ 2019ರಲ್ಲಿ, ಎಜಿಒ-1 ಎಂಬ ಪ್ರೋಟೀನಿನ ಓಲೆಯಲ್ಲಿ ನಿಲುಗಡೆಯಾದ ಮೇಲಿನ ಭಾಗಕ್ಕೆ ಒಂದು ಕಿರು ಆರ್‌ಎನ್‌ಎ ಬಂದು ಅಂಟಿಕೊಂಡರೆ ದಾಟಿದ ಓದು ಹೆಚ್ಚುತ್ತದೆಂಬುದನ್ನು ಬೆಂಗಳೂರಿನ ತಂಡ ತೋರಿಸಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಚಿಕಿತ್ಸೆಯ ಕನಸಿಗೆ ಬೀಜವಾಯಿತು.

ತಪ್ಪು ಜಾಗದಲ್ಲಿ ಬಂದ ಅಂಕಿತ

ಈಗ ಔರಾದಿನ ಮಗುವಿನ ವರದಿಗೆ ಬರೋಣ. ಬೀಟಾ ಗ್ಲೋಬಿನ್ ಓಲೆಯ ಹದಿನೈದನೆಯ ಪದ ಯುಜಿಜಿ. ಅದು ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಅದರ ನಡುವಿನ ಜಿ ಅಕ್ಷರ ಎ ಆಗಿಬಿಟ್ಟರೆ ಯುಎಜಿ ಆಗುತ್ತದೆ. ಯುಎಜಿ ಎಂದರೆ ನಿಲುಗಡೆ. ನಕಲುಗಾರನ ಕೈತಪ್ಪಿನಿಂದ ವಚನದ ಎರಡನೆಯ ಸಾಲಿನಲ್ಲಿಯೇ ಅಂಕಿತ ಬಿದ್ದಂತೆ, ರೈಬೋಸೋಮ್ ಹದಿನಾಲ್ಕು ಮಣಿಗಳನ್ನು ಹೆಣೆದು, ಕೆಲಸ ಮುಗಿಯಿತೆಂದು ಬಿಟ್ಟುಬಿಡುತ್ತದೆ. ಉಳಿದ 132 ಮಣಿಗಳು ಸೇರುವುದೇ ಇಲ್ಲ. ಭಾರತದಲ್ಲಿ ಕಂಡುಬರುವ ಬೀಟಾ ಥಲಸ್ಸೇಮಿಯಾದ ಉತ್ಪರಿವರ್ತನೆಗಳಲ್ಲಿ ಇದೂ ಒಂದು.

‘ನಾನ್‌ಸೆನ್ಸ್’ ಎಂಬ ಮಾತು ಇಲ್ಲಿ ನಿಂದೆಯಲ್ಲ. ಅಮೈನೋ ಆಮ್ಲವನ್ನು ಸೂಚಿಸುವ ಅರ್ಥವನ್ನು ಆ ಪದ ಕಳೆದುಕೊಂಡು ನಿಲುಗಡೆಯಾಗಿದೆ ಎಂದಷ್ಟೇ ಅದರ ತಾತ್ಪರ್ಯ. ನಾವು ಅದನ್ನು ‘ಅಕಾಲ ನಿಲುಗಡೆ’ ಎಂದು ಕರೆದರೆ ತಂದೆತಾಯಿಯರ ಮನಸ್ಸಿಗೆ ನೋವಾಗದು, ಅರ್ಥವೂ ಸ್ಪಷ್ಟವಾಗುತ್ತದೆ.

ಅಕಾಲ ನಿಲುಗಡೆಯ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಓಲೆಯ ನಡುವೆಯೇ ನಿಲುಗಡೆ ಬಂದುದನ್ನು ಅನೇಕ ವೇಳೆ ಜೀವಕೋಶದ ಕಾವಲು ವ್ಯವಸ್ಥೆ ಗಮನಿಸಿ, ಆ ಓಲೆಯನ್ನೇ ಹರಿದುಹಾಕುತ್ತದೆ. ಅರೆಬರೆ ಪ್ರೋಟೀನಿನಿಂದ ಆಗಬಹುದಾದ ಕೆಡುಕನ್ನು ತಪ್ಪಿಸುವ ಉಪಾಯವಿದು. ಆದರೆ ಓಲೆಯೇ ಉಳಿಯದಿದ್ದರೆ, ನಿಲುಗಡೆಯನ್ನು ದಾಟಿಸುವ ಔಷಧವಾದರೂ ಏನನ್ನು ಓದಿಸೀತು? ಚಿಕಿತ್ಸೆ ಕಠಿಣವಾಗಿರುವುದಕ್ಕೆ ಇದೊಂದು ಕಾರಣ.

ಇದೇ ಬಗೆಯ ದೋಷ ಬೇರೆ ಕಾಯಿಲೆಗಳಲ್ಲಿಯೂ ಇದೆ. ಗಂಡುಮಕ್ಕಳ ಸ್ನಾಯುಗಳನ್ನು ಕ್ರಮೇಣ ಕ್ಷೀಣಗೊಳಿಸುವ ಡುಷೆನ್ ಸ್ನಾಯುಕ್ಷಯದಲ್ಲಿ ನೂರಕ್ಕೆ 10ರಿಂದ 15 ಮಕ್ಕಳ ವಂಶವಾಹಿಯಲ್ಲಿ ಅಕಾಲ ನಿಲುಗಡೆ ಕಂಡುಬರುತ್ತದೆ. ಆದರೆ ಎಲ್ಲ ವಂಶವಾಹಿ ಕಾಯಿಲೆಗಳೂ ಹೀಗಲ್ಲ. ಕುಡಗೋಲು ಕಣ ರೋಗದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬರುತ್ತದೆ. ಅಲ್ಲಿ ದಾಟಬೇಕಾದ ನಿಲುಗಡೆಯೇ ಇಲ್ಲ.

ಸರಿಯಾದ ನಿಲುಗಡೆ ಅಳಿಸಿಹೋದರೂ ಕೇಡೇ. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141 ಮಣಿಗಳಿರಬೇಕು. ಅದರ ಕೊನೆಯ ಯುಎಎ ಎಂಬುದು ಸಿಎಎ ಎಂದು ಬದಲಾದಾಗ ರೈಬೋಸೋಮ್ ನಿಲ್ಲದೆ ಮುಂದೋಡಿ 172 ಮಣಿಗಳ ಸರಪಳಿಯನ್ನು ಹೆಣೆಯುತ್ತದೆ. ಜಮೈಕಾದ ಒಂದು ಸ್ಥಳದ ಹೆಸರಿನಿಂದ ‘ಹಿಮೋಗ್ಲೋಬಿನ್ ಕಾನ್‌ಸ್ಟಂಟ್ ಸ್ಪ್ರಿಂಗ್’ ಎಂದು ಕರೆಯಲಾಗುವ ಈ ದೋಷವು ಆಗ್ನೇಯ ಏಷ್ಯಾದಲ್ಲಿ ಥಲಸ್ಸೇಮಿಯಾಕ್ಕೆ ಒಂದು ಮುಖ್ಯ ಕಾರಣ. ನಿಲ್ಲಬಾರದ ಕಡೆ ನಿಲ್ಲುವುದೂ ರೋಗ, ನಿಲ್ಲಬೇಕಾದ ಕಡೆ ನಿಲ್ಲದಿರುವುದೂ ರೋಗ. ಔಷಧವು ಮೊದಲನೆಯದನ್ನು ಸರಿಪಡಿಸಲು ಹೋಗಿ ಎರಡನೆಯದನ್ನು ಉಂಟುಮಾಡಬಾರದು.

ಆ ಇಂಜೆಕ್ಷನ್ನಿನ ಪ್ರಶ್ನೆ

ಭಾಲ್ಕಿಯ ಬಂಧುವು ಹೇಳಿದ ಮಾತು ಸಂಪೂರ್ಣ ಕಟ್ಟುಕಥೆಯಲ್ಲ. ಅದಕ್ಕಾಗಿಯೇ ಅದು ಅಪಾಯಕಾರಿ. ಜೆಂಟಾಮೈಸಿನ್ ಎಂಬುದು ಬ್ಯಾಕ್ಟೀರಿಯಾಗಳ ರೈಬೋಸೋಮಿಗೆ ಅಂಟಿಕೊಂಡು, ಅದು ತಪ್ಪು ತಪ್ಪಾಗಿ ಓದುವಂತೆ ಮಾಡಿ ಅವುಗಳನ್ನು ಕೊಲ್ಲುವ ಔಷಧ. ನಮ್ಮ ರೈಬೋಸೋಮಿನ ಮೇಲೆ ಅದರ ಪ್ರಭಾವ ಬಹಳ ಕಡಿಮೆ, ಆದರೆ ಶೂನ್ಯವಲ್ಲ. ಓದಿನ ಬಿಗಿ ಸ್ವಲ್ಪ ಸಡಿಲಗೊಂಡಾಗ ಅಕಾಲ ನಿಲುಗಡೆಯನ್ನು ಕೆಲವು ರೈಬೋಸೋಮುಗಳು ದಾಟಬಲ್ಲವು. ಸ್ನಾಯುಕ್ಷಯವಿರುವ ಇಲಿಗಳಲ್ಲಿ ಇದರಿಂದ ಸ್ವಲ್ಪ ಡಿಸ್ಟ್ರೋಫಿನ್ ಮರಳಿ ಬಂದುದನ್ನು 1999ರಲ್ಲಿ ವರದಿ ಮಾಡಲಾಯಿತು. ಮನುಷ್ಯರಲ್ಲಿ ನಡೆದ ಪ್ರಯೋಗಗಳ ಫಲ ಒಂದೇ ತೆರನಾಗಿ ಬರಲಿಲ್ಲ.

ಈ ಅಲ್ಪ ಪ್ರಯೋಜನವನ್ನು ಪಡೆಯಲು ಔಷಧವನ್ನು ದೀರ್ಘಕಾಲ ಕೊಡಬೇಕಾಗುತ್ತದೆ. ಆದರೆ ಜೆಂಟಾಮೈಸಿನ್ ಮೂತ್ರಪಿಂಡಗಳಿಗೂ ಒಳಗಿವಿಯ ಸೂಕ್ಷ್ಮ ಕೋಶಗಳಿಗೂ ಹಾನಿ ಮಾಡುತ್ತದೆ. ಒಳಗಿವಿಯ ಆ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ; ಕಿವುಡುತನ ಶಾಶ್ವತವಾಗುತ್ತದೆ. ಅದು ಥಲಸ್ಸೇಮಿಯಾದ ಚಿಕಿತ್ಸೆಯಲ್ಲ. ಆದಕಾರಣ ನಮ್ಮ ಉತ್ತರ ಒಂದೇ: ಮಗುವಿಗೆ ಆ ಇಂಜೆಕ್ಷನ್ ಕೊಡಿಸಬೇಡಿ. ಸೋಂಕಿಗಾಗಿ ವೈದ್ಯರು ಕೆಲವು ದಿನಗಳ ಮಟ್ಟಿಗೆ, ಅಳತೆಯಿಟ್ಟು ಕೊಡುವುದು ಬೇರೆ. ನಿಲುಗಡೆ ದಾಟಿಸುವ ಆಸೆಯಿಂದ ಔಷಧಿ ಅಂಗಡಿಯಿಂದ ತಂದು ಚುಚ್ಚಿಸುವುದು ಬೇರೆ.

ಇದೇ ತತ್ತ್ವದ ಮೇಲೆ, ಕಿವಿ ಮೂತ್ರಪಿಂಡಗಳಿಗೆ ಆ ಬಗೆಯ ಹಾನಿ ಮಾಡದ ಅಟಲ್ಯೂರೆನ್ ಎಂಬ ಔಷಧ ಬಂದಿತು. ಅಕಾಲ ನಿಲುಗಡೆಯಿಂದಾದ ಡುಷೆನ್ ಸ್ನಾಯುಕ್ಷಯಕ್ಕೆ ಐರೋಪ್ಯ ಒಕ್ಕೂಟವು 2014ರಲ್ಲಿ ಷರತ್ತಿನ ಅನುಮತಿ ನೀಡಿತು. ಅದರ ಪರಿಣಾಮ ದೃಢಪಟ್ಟಿಲ್ಲವೆಂಬ ಕಾರಣದಿಂದ 2025ರಲ್ಲಿ ಆ ಅನುಮತಿಯನ್ನು ನವೀಕರಿಸಲಿಲ್ಲ. ಹನ್ನೊಂದು ವರ್ಷಗಳ ಕಾಲ ಅನೇಕ ಮನೆಗಳು ಹಿಡಿದಿಟ್ಟುಕೊಂಡಿದ್ದ ಭರವಸೆ ಅದು. ಹೊಸ ಔಷಧದ ಸುದ್ದಿ ಕೇಳಿದಾಗ ಹಿಗ್ಗುವ ಮುನ್ನ ಈ ಉದಾಹರಣೆಯನ್ನು ನೆನೆಯುವುದು ಹಿತ.

ಇಂತಹ ಔಷಧಗಳ ತೊಡಕು ಮುಖ್ಯವಾಗಿ ಎರಡು. ಅವು ಒಂದು ಓಲೆಯನ್ನು ಮಾತ್ರ ಆರಿಸಿಕೊಳ್ಳಲಾರವು. ಶರೀರದ ಎಲ್ಲ ಓಲೆಗಳ ನಿಲುಗಡೆಗಳನ್ನೂ ತುಸು ಸಡಿಲಿಸುವ ಸಂಭವವಿದೆ. ಜೊತೆಗೆ, ನಿಲುಗಡೆಯ ಜಾಗದಲ್ಲಿ ಬಂದು ಸೇರುವ ಮಣಿ ಮೂಲದ ಮಣಿಯೇ ಆಗಿರಬೇಕೆಂದಿಲ್ಲ. ಯುಎಜಿ ಇದ್ದಲ್ಲಿ ಸಾಮಾನ್ಯವಾಗಿ ಗ್ಲುಟಮಿನ್ ಅಥವಾ ಟೈರೋಸಿನ್ ಬಂದು ಕೂರುತ್ತದೆ. ಆ ಬದಲಾವಣೆಯನ್ನು ಕೆಲವು ಪ್ರೋಟೀನುಗಳು ಸಹಿಸುತ್ತವೆ, ಕೆಲವು ಸಹಿಸವು.

ಮೊದಲನೆಯ ತೊಡಕಿಗೆ ಬೆಂಗಳೂರಿನ ತಂಡ ಹುಡುಕುತ್ತಿರುವ ದಾರಿ ಕುತೂಹಲಕರ. ಬೀದರಿನಿಂದ ಔರಾದಿಗೆ ಹೋಗುವ ಬಸ್ಸನ್ನು ಊಹಿಸಿಕೊಳ್ಳಿ. ಜನವಾಡದ ಬಳಿ ಯಾರೋ ತಪ್ಪಾಗಿ ‘ಕೊನೆಯ ನಿಲ್ದಾಣ’ ಎಂಬ ಫಲಕ ನೆಟ್ಟಿದ್ದಾರೆ. ಬಸ್ಸುಗಳೆಲ್ಲ ಅಲ್ಲಿಯೇ ಜನರನ್ನು ಇಳಿಸಿ ಹಿಂತಿರುಗುತ್ತಿವೆ. ಜಿಲ್ಲೆಯ ಎಲ್ಲ ಫಲಕಗಳನ್ನೂ ಮಸುಕು ಮಾಡುವುದು ಜೆಂಟಾಮೈಸಿನ್ನಿನ ರೀತಿ. ಆ ಒಂದೇ ಫಲಕದಾಚೆ ರಸ್ತೆಗೆ ಅಡ್ಡಲಾಗಿ ಒಂದು ತಡೆ ಇಟ್ಟು, ಬಸ್ಸು ಅಲ್ಲಿ ತಡವರಿಸಿ ನಿಲ್ಲುವಂತೆ ಮಾಡಿದರೆ, ಆ ಬಿಡುವಿನಲ್ಲಿ ಮುಂದಿನ ಊರಿನ ಪ್ರಯಾಣಿಕನೊಬ್ಬ ಹತ್ತಿಕೊಳ್ಳಲು ಅವಕಾಶವಾದೀತು. ತಡೆ ಸರಿದೊಡನೆ ಬಸ್ಸು ಸಂತಪೂರದ ಕಡೆ ಸಾಗೀತು. ಎಜಿಒ-1ರ ಓಲೆಯಲ್ಲಿ ಪ್ರಕೃತಿ ಮಾಡುತ್ತಿದ್ದುದು ಇಂಥದೇ ಕೆಲಸ. ಬೀಟಾ ಗ್ಲೋಬಿನ್ ಓಲೆಯ ಅಕಾಲ ನಿಲುಗಡೆಯಾಚೆಗಿನ ಅಕ್ಷರಗಳಿಗೆ ಮಾತ್ರ ಅಂಟುವ ಕಿರು ತುಣುಕುಗಳನ್ನು ತಯಾರಿಸಿ, ದಾಟಿದ ಓದನ್ನು ಉಂಟುಮಾಡಬಹುದೆಂದು ಆ ತಂಡ 2020ರಲ್ಲಿ ತೋರಿಸಿತು. ನಿಗದಿತ ಓಲೆಯನ್ನು ಹುಡುಕಿ ಹಿಡಿಯುವ, ಆದರೆ ಕತ್ತರಿಸದ ಕ್ರಿಸ್ಪರ್ ಪ್ರೋಟೀನನ್ನು ಇದೇ ಕೆಲಸಕ್ಕೆ ಬಳಸಿ 2024ರಲ್ಲಿ ಮತ್ತೊಂದು ಪ್ರಬಂಧವನ್ನು ಪ್ರಕಟಿಸಿತು.

ಇದು ಕನ್ನಡ ನಾಡಿನ ಪ್ರಯೋಗಾಲಯದಿಂದ ಬಂದ ಒಳ್ಳೆಯ ಸುದ್ದಿ. ಆದರೆ ಇವು ಪ್ರಯೋಗಾಲಯದಲ್ಲಿ ಕಂಡ ಫಲಗಳು. ಮಕ್ಕಳಿಗೆ ಕೊಡುವ ಔಷಧವಾಗಿ ಇನ್ನೂ ಬಂದಿಲ್ಲ. ಬೆಂಗಳೂರಿಗೆ ಹೋದರೆ ಈ ಚಿಕಿತ್ಸೆ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಂದು ನಮ್ಮ ಕೈಯಲ್ಲಿರುವುದು

ಹಾಗಾದರೆ ಈಗ ಮಾಡಬೇಕಾದುದೇನು? ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ತಪ್ಪದೆ ರಕ್ತ ಕೊಡಿಸಬೇಕು. ರಕ್ತದೊಂದಿಗೆ ಶರೀರದಲ್ಲಿ ಸೇರುತ್ತ ಹೋಗುವ ಕಬ್ಬಿಣಾಂಶವನ್ನು ಹೊರಹಾಕುವ ಔಷಧವನ್ನು ವೈದ್ಯರು ಹೇಳಿದಾಗಿನಿಂದ ಒಂದು ದಿನವೂ ಬಿಡದೆ ಕೊಡಬೇಕು. ಅನೇಕ ಮನೆಗಳಲ್ಲಿ ರಕ್ತವನ್ನು ಮರೆಯುವುದಿಲ್ಲ, ಈ ಔಷಧವನ್ನು ಮರೆಯುತ್ತಾರೆ; ಸೇರಿಕೊಂಡ ಕಬ್ಬಿಣ ಸದ್ದಿಲ್ಲದೆ ಹೃದಯವನ್ನೂ ಯಕೃತ್ತನ್ನೂ ಕೆಡಿಸುತ್ತದೆ. ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವ ಸಾಧ್ಯತೆಯಿದೆ. ಇದಕ್ಕೆ ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಡಿ ಅರ್ಹ ಮಕ್ಕಳಿಗೆ 10 ಲಕ್ಷ ರೂಪಾಯಿಗಳವರೆಗೆ ಸಹಾಯ ದೊರೆಯುತ್ತದೆ. ಥಲಸ್ಸೇಮಿಯಾ ಮತ್ತು ಸ್ನಾಯುಕ್ಷಯ ಎರಡೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿವೆ. ಆ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಲು ಸಂಕೋಚ ಬೇಡ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಬೀಟಾ ಗ್ಲೋಬಿನ್ನಿನ ವಂಶವಾಹಿ ನಮ್ಮೆಲ್ಲರಲ್ಲಿಯೂ ಎರಡೆರಡು ಇವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಒಂದರಲ್ಲಿ ಮಾತ್ರ ದೋಷವಿರುವವರನ್ನು ವಾಹಕರೆನ್ನುತ್ತಾರೆ. ಅವರಿಗೆ ಸ್ವಲ್ಪ ರಕ್ತಹೀನತೆಯ ಹೊರತು ಕಾಯಿಲೆಯಿಲ್ಲ. ತಂದೆತಾಯಿ ಇಬ್ಬರೂ ವಾಹಕರಾದಾಗ ಮಾತ್ರ ಮಗುವಿಗೆ ಕಾಯಿಲೆ ಬರಬಹುದು. ಎಂದರೆ, ಕಾಯಿಲೆಯಿರುವ ಪ್ರತಿ ಮಗುವೂ ಒಂದು ದೋಷವನ್ನು ತಂದೆಯಿಂದಲೂ ಒಂದನ್ನು ತಾಯಿಯಿಂದಲೂ ಪಡೆದಿರುತ್ತದೆ. ಸೊಸೆಯೊಬ್ಬಳ ಮೇಲೆ ತಪ್ಪು ಹೊರಿಸುವುದು ಅನ್ಯಾಯವಷ್ಟೇ ಅಲ್ಲ, ವಿಜ್ಞಾನಕ್ಕೂ ವಿರುದ್ಧ. ಪತ್ರ ಬರೆದ ದಂಪತಿ ಸೋದರಮಾವನ ಮಗಳು ಮತ್ತು ಸೋದರತ್ತೆಯ ಮಗ. ಇಂತಹ ರಕ್ತಸಂಬಂಧದಲ್ಲಿ ಒಂದೇ ಅಜ್ಜ ಅಜ್ಜಿಯರ ದೋಷವೊಂದು ಇಬ್ಬರಿಗೂ ಬಂದಿರುವ ಸಂಭವ ಹೆಚ್ಚು. ಹಿರಿಯರು ಹುಡುಕುತ್ತಿರುವ ‘ಆ ಕಡೆ’ಯೂ ‘ಈ ಕಡೆ’ಯೂ ಒಂದೇ ಮನೆಯೇ ಆಗಿರಬಹುದು.

ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನೂರಕ್ಕೆ 25, ವಾಹಕವಾಗುವ ಸಂಭವ 50, ಯಾವ ದೋಷವೂ ಇಲ್ಲದಿರುವ ಸಂಭವ 25. ಮೊದಲ ಮಗುವಿಗೆ ಬಂದಿದೆ, ಇನ್ನು ಮೂವರಿಗೆ ಬಾರದು ಎಂಬ ಲೆಕ್ಕ ತಪ್ಪು. ಪ್ರತಿ ಬಾರಿಯೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಗರ್ಭದ ಮಗುವಿನ ಸ್ಥಿತಿಯನ್ನು ತಿಳಿಯಲು ಸಾಮಾನ್ಯವಾಗಿ 11ರಿಂದ 13ನೆಯ ವಾರಗಳ ನಡುವೆ ಮಾಸದ ಅಂಚಿನಿಂದ ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಇದರಲ್ಲಿ ಗರ್ಭಪಾತದ ಅಲ್ಪ ಅಪಾಯವಿರುವುದರಿಂದ ವಂಶವಾಹಿ ತಜ್ಞರೊಂದಿಗೆ ಮೊದಲು ಮಾತನಾಡಬೇಕು. ಮೊದಲ ಮಗುವಿನ ವರದಿ ಕೈಯಲ್ಲಿದ್ದರೆ ಯಾವ ಅಕ್ಷರವನ್ನು ಹುಡುಕಬೇಕೆಂದು ಪ್ರಯೋಗಾಲಯಕ್ಕೆ ತಿಳಿದಿರುತ್ತದೆ. ಆದ್ದರಿಂದ ಆ ‘ನಾನ್‌ಸೆನ್ಸ್’ ಚೀಟಿಯನ್ನು ಜೋಪಾನವಾಗಿಡಿ ಎಂದು ನಾವು ಬರೆದೆವು. ನಮ್ಮ ಜಿಲ್ಲೆಗೆ ಹತ್ತಿರದ ಹೈದರಾಬಾದಿನಲ್ಲಿ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೆಂಗಳೂರಿನಲ್ಲಿ ಮಾನವ ವಂಶವಾಹಿ ಕೇಂದ್ರ ಇವು ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲಿ ಸೇರಿವೆ. ಪರೀಕ್ಷೆಯ ಅನಂತರದ ನಿರ್ಧಾರ ಆ ದಂಪತಿಗೆ ಸೇರಿದ್ದು. ಅದರಲ್ಲಿ ನೆರೆಹೊರೆಯವರಿಗೂ ನಮಗೂ ಅಧಿಕಾರವಿಲ್ಲ.

ಇನ್ನುಳಿದ ಮನೆಗಳಿಗೆ ನಮ್ಮ ಮನವಿ ಚಿಕ್ಕದು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸ್ಸೇಮಿಯಾದ ವಾಹಕರೆಂದು ಅಂದಾಜಿದೆ. ಅದು ಯಾವ ಒಂದು ಜಾತಿಯ ಕಾಯಿಲೆಯೂ ಅಲ್ಲ. ಬೀದರ, ಭಾಲ್ಕಿ, ಔರಾದಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ರಕ್ತಕಣಗಳ ಎಣಿಕೆಯಲ್ಲಿಯೇ ಮೊದಲ ಸುಳಿವು ಸಿಗುತ್ತದೆ: ಕೆಂಪು ಕಣಗಳು ಅಳತೆಗಿಂತ ಚಿಕ್ಕವಾಗಿದ್ದರೆ ವೈದ್ಯರನ್ನು ಕೇಳಿ ಹಿಮೋಗ್ಲೋಬಿನ್ ಎ-2 ಪರೀಕ್ಷೆ ಮಾಡಿಸಬೇಕು. ಅದು 3.5ಕ್ಕಿಂತ ಹೆಚ್ಚಿದ್ದರೆ ವಾಹಕರಾಗಿರುವ ಸಂಭವವಿದೆ. ಕಬ್ಬಿಣದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರದ ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ವಿಶೇಷವಾಗಿ ಅಗತ್ಯ; ಆದರೆ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಲಗ್ನ ನಿಶ್ಚಯಿಸುವಾಗ ಜಾತಕದ ಜೊತೆಗೆ ಈ ಚೀಟಿಯನ್ನೂ ನೋಡಿದರೆ ಎಷ್ಟೋ ಕಣ್ಣೀರು ತಪ್ಪೀತು. ಮದುವೆಯಾದವರು ಬಸಿರಿನ ಮೊದಲ ತಿಂಗಳಿನಲ್ಲಿಯೇ ಮಾಡಿಸಿಕೊಳ್ಳಲಿ.

ಔರಾದಿನ ಆ ದಂಪತಿ ಹೈದರಾಬಾದಿಗೆ ಹೋಗಿ ಬಂದರೆಂದು ತಿಳಿಸಿದ್ದಾರೆ. ಫಲಿತಾಂಶವೇನೆಂದು ನಾವು ಕೇಳಲಿಲ್ಲ, ಅವರೂ ಬರೆಯಲಿಲ್ಲ. ಮನೆಯ ಹಿರಿಯರೇ ಸೊಸೆಯ ಜೊತೆಗೆ ಬಂದಿದ್ದರು ಎಂದು ಮಾತ್ರ ಪತ್ರದ ಕೊನೆಯಲ್ಲಿ ಬರೆದಿದ್ದಾರೆ.